ಆರೋಗ್ಯವಂತ ಕೂಸಿನ ಮೂಗಿನಲ್ಲಿ ನ್ಯುಮೋನಿಯಾದ ಬ್ಯಾಕ್ಟೀರಿಯಾ

1880ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇನಾ ವೈದ್ಯ ಜಾರ್ಜ್ ಸ್ಟರ್ನ್‌ಬರ್ಗ್ ತಮ್ಮದೇ ಎಂಜಲನ್ನು ಮೊಲಗಳ ಚರ್ಮದಡಿಗೆ ಚುಚ್ಚಿದರು. ಅವರಿಗೆ ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ, ಆರೋಗ್ಯವಾಗಿಯೇ ಇದ್ದರು. ಮೊಲಗಳು ಮಾತ್ರ ಸತ್ತವು. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಲೂಯಿ ಪಾಶ್ಚರ್, ಹುಚ್ಚುನಾಯಿ ರೋಗದಿಂದ ತೀರಿಕೊಂಡ ಮಗುವೊಂದರ ಎಂಜಲನ್ನು ಮೊಲಕ್ಕೆ ಚುಚ್ಚಿದಾಗಲೂ ಹೀಗೆಯೇ ಆಯಿತು. ಇಬ್ಬರಿಗೂ ಸತ್ತ ಮೊಲಗಳ ರಕ್ತದಲ್ಲಿ ಕಂಡದ್ದು ಜೋಡಿಜೋಡಿಯಾಗಿ ಕೂತ, ಸುತ್ತ ಪೊರೆಯಿದ್ದ ಒಂದು ಬ್ಯಾಕ್ಟೀರಿಯಾ. ಮರುವರ್ಷ ಇಬ್ಬರೂ ಬೇರೆಬೇರೆಯಾಗಿ ಅದನ್ನು ಪ್ರಕಟಿಸಿದರು. ಪಾಶ್ಚರ್ ಮೊದಮೊದಲು ಇದಕ್ಕೂ ಹುಚ್ಚುನಾಯಿ ರೋಗಕ್ಕೂ ನಂಟಿರಬಹುದೆಂದು ಶಂಕಿಸಿದ್ದರು. ಆದರೆ ಬೇರೆ ಕಾರಣಗಳಿಂದ ಸತ್ತ ಮಕ್ಕಳಲ್ಲೂ, ಏನೂ ಕಾಯಿಲೆಯಿಲ್ಲದ ದೊಡ್ಡವರಲ್ಲೂ ಅದು ಸಿಕ್ಕಾಗ ಆ ಶಂಕೆಯನ್ನು ಬಿಡಬೇಕಾಯಿತು.

ಈ ಬ್ಯಾಕ್ಟೀರಿಯಾವೇ ನ್ಯುಮೋಕಾಕಸ್. ಪೂರ್ಣ ಹೆಸರು ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೇ. ನ್ಯುಮೋನಿಯಾ ತರುವುದು ಇದೇ ಎಂಬುದು ಬರ್ಲಿನ್ನಿನ ಫ್ರಾಂಕೆಲ್ ಮತ್ತು ವಿಯೆನ್ನಾದ ವೈಕ್ಸೆಲ್‌ಬಾಮ್ ಅವರ ಕೆಲಸದಿಂದ ಗಟ್ಟಿಯಾದದ್ದು 1886ರಲ್ಲಿ. ಅಂದರೆ ಕೊಲೆಯ ಆರೋಪ ಬೀಳುವ ಐದಾರು ವರ್ಷ ಮೊದಲೇ ಇದು ಆರೋಗ್ಯವಂತನ ಬಾಯಲ್ಲಿ ಸಿಕ್ಕಿಬಿದ್ದಿತ್ತು. ಈ ಕ್ರಮವನ್ನು ನಾವು ಮರೆತಂತಿದೆ. ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ, ರಕ್ತದ ನಂಜು ಎಂದ ಕೂಡಲೇ ಎಲ್ಲಿಂದಲೋ ಹೊರಗಿನಿಂದ ದಾಳಿಯಿಟ್ಟ ಶತ್ರುವನ್ನು ಕಲ್ಪಿಸಿಕೊಳ್ಳುತ್ತೇವೆ. ಅದು ನಗುನಗುತ್ತಾ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿರುವ ಕೂಸಿನ ಮೂಗಿನ ಹಿಂಭಾಗದಲ್ಲಿ ವಾರಗಟ್ಟಲೆ ಇದ್ದು, ಸುಮ್ಮನೆ ಹೊರಟುಹೋಗುವುದೇ ಹೆಚ್ಚು. ಲೋಕದಲ್ಲಿ ಈ ಬ್ಯಾಕ್ಟೀರಿಯಾದ ನಿಜವಾದ ಮನೆ ಅದೇ. ಶ್ವಾಸಕೋಶಕ್ಕೆ ಇಳಿಯುವುದು, ರಕ್ತಕ್ಕೆ ನುಗ್ಗುವುದು ಅದರ ಪಾಲಿಗೂ ದಾರಿ ತಪ್ಪಿದ ಪ್ರಸಂಗ; ಅಲ್ಲಿಂದ ಇನ್ನೊಂದು ಮಗುವಿಗೆ ದಾಟಲು ಅದಕ್ಕೆ ಸುಲಭದ ದಾರಿಯಿಲ್ಲ.

ಜಾಗ ಯಾವುದೆಂದು ಮೊದಲು ನೋಡೋಣ. ಮೂಗಿನ ಹೊಳ್ಳೆಯಿಂದ ನೇರ ಹಿಂದಕ್ಕೆ, ಕಿರುನಾಲಗೆ ತೂಗುವ ಮೆತ್ತನೆಯ ಅಂಗುಳದ ಮೇಲ್ಗಡೆ ಒಂದು ಸಣ್ಣ ಪೊಳ್ಳು ಇದೆ. ವೈದ್ಯರು ಅದನ್ನು ನೇಸೊಫ್ಯಾರಿಂಕ್ಸ್ ಎನ್ನುತ್ತಾರೆ; ನಾವು ಮೂಗಿನ ಹಿಂಗಂಟಲು ಎನ್ನಬಹುದು. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಇದು ಕಾಣುವುದಿಲ್ಲ. ಎರಡೂ ಕಿವಿಗಳ ಒಳಭಾಗದಿಂದ ಬರುವ ನಳಿಗೆಗಳು ಇಲ್ಲಿಯೇ ತೆರೆದುಕೊಳ್ಳುತ್ತವೆ. ಕೂಸುಗಳಲ್ಲಿ ಈ ನಳಿಗೆ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡವಾಗಿಯೂ ಇರುತ್ತದೆ. ನೆಗಡಿಯಾದ ನಾಲ್ಕಾರು ದಿನಕ್ಕೆ ಕೂಸು ಕಿವಿ ಹಿಡಿದು ರಾತ್ರಿಯಿಡೀ ಅಳುವುದು, ಆಮೇಲೆ ಕಿವಿ ಸೋರುವುದು, ಇದಕ್ಕೆಲ್ಲ ಮೂಲ ಕಿವಿಗಿಂತ ಹೆಚ್ಚಾಗಿ ಈ ಪೊಳ್ಳಿನಲ್ಲಿದೆ. ಇಲ್ಲಿ ಬೆಚ್ಚಗಿದೆ, ತೇವವಿದೆ, ಲೋಳೆಯಿದೆ. ಉಸಿರಾಡಿದ ಗಾಳಿಯೆಲ್ಲ ಇದನ್ನು ಸವರಿಯೇ ಒಳಗೆ ಹೋಗಬೇಕು.

ಯಾವಾಗ ಬರುತ್ತವೆ, ಎಷ್ಟು ದಿನ ಇರುತ್ತವೆ

ಹುಟ್ಟಿದ ಗಳಿಗೆಯಲ್ಲಿ ಮಗುವಿನ ಮೂಗಿನಲ್ಲಿ ಹೆಚ್ಚೇನೂ ಇರುವುದಿಲ್ಲ. ತಾಯಿಯ ಚರ್ಮದಿಂದ, ಎತ್ತಿಕೊಂಡವರ ಕೈಯಿಂದ, ಹೆರಿಗೆಯ ದಾರಿಯಿಂದ ಮೊದಲ ಗಂಟೆಗಳಲ್ಲಿಯೇ ಬ್ಯಾಕ್ಟೀರಿಯಾ ಸೇರತೊಡಗುತ್ತವೆ. ಮೊದಲ ವಾರಗಳಲ್ಲಿ ಸ್ಟ್ಯಾಫಿಲೊಕಾಕಸ್‌ಗಳ ಕಾಲ. ಕುರು, ಕೀವುಗುಳ್ಳೆಗೆ ಹೆಸರಾದ ಸ್ಟ್ಯಾಫಿಲೊಕಾಕಸ್ ಆರಿಯಸ್ ಸಹ ಈ ಹೊತ್ತಿನಲ್ಲಿ ಬಹಳ ಕೂಸುಗಳ ಮೂಗಿನಲ್ಲಿ ಇರುತ್ತದೆ. ಆರು ತಿಂಗಳಾಗುವಷ್ಟರಲ್ಲಿ ಅದರ ಪ್ರಮಾಣ ಬಹಳಷ್ಟು ಇಳಿದಿರುತ್ತದೆ. ಅದರ ಬೆನ್ನಿಗೆ ಕೊರಿನೆಬ್ಯಾಕ್ಟೀರಿಯಂ, ಡೊಲೊಸಿಗ್ರಾನುಲಂ ಎಂಬ, ಹೆಚ್ಚಿನವರು ಹೆಸರೇ ಕೇಳಿರದ ಎರಡು ಬಗೆಗಳು ಬರುತ್ತವೆ. ಆಮೇಲೆ ಮೊರಾಕ್ಸೆಲ್ಲಾ, ನ್ಯುಮೋಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜೆ. ಕೊನೆಯದರ ಹೆಸರಿನಲ್ಲಿ ಇನ್‌ಫ್ಲುಯೆಂಜಾ ಇದ್ದರೂ ಅದಕ್ಕೂ ಫ್ಲೂ ವೈರಸ್ಸಿಗೂ ಸಂಬಂಧವಿಲ್ಲ. 1892ರಲ್ಲಿ ರಿಚರ್ಡ್ ಫೈಫರ್ ಮಾಡಿದ ತಪ್ಪು ಊಹೆ ಹೆಸರಾಗಿ ಉಳಿದುಕೊಂಡಿದೆ.

ಈ ಆಗಮನದ ವೇಗ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಅಲಬಾಮಾದಲ್ಲಿ ಗ್ರೇ ಮತ್ತು ಸಂಗಡಿಗರು ಹುಟ್ಟಿನಿಂದ ಎರಡು ವರ್ಷದವರೆಗೆ 82 ಮಕ್ಕಳನ್ನು ಹಿಂಬಾಲಿಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯುಮೋಕಾಕಸ್ ಮೊದಲ ಸಲ ಸಿಕ್ಕಿದ್ದು ಸರಾಸರಿ ಆರು ತಿಂಗಳ ವಯಸ್ಸಿಗೆ. ಎರಡು ವರ್ಷದೊಳಗೆ ಬಹುತೇಕ ಎಲ್ಲ ಮಕ್ಕಳ ಮೂಗಿಗೂ ಅದು ಬಂದು ಹೋಗಿತ್ತು. ಥಾಯ್ಲೆಂಡ್–ಮ್ಯಾನ್ಮಾರ್ ಗಡಿಯ ಮೇ ಲಾ ನಿರಾಶ್ರಿತರ ಶಿಬಿರದಲ್ಲಿ ಇಕ್ಕಟ್ಟಾದ ಬಿದಿರಿನ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಅದು ಬಂದದ್ದು ಸುಮಾರು ಒಂದೂವರೆ ತಿಂಗಳಿಗೇ. ಪಪುವಾ ನ್ಯೂಗಿನಿಯ ಎತ್ತರದ ಕಣಿವೆಗಳಲ್ಲಿ ಇನ್ನೂ ಬೇಗ. ಮೂರು ತಿಂಗಳು ತುಂಬುವುದರೊಳಗೆ ಎಲ್ಲ ಕೂಸುಗಳಿಗೂ ಮೆತ್ತಿಕೊಂಡಿರುತ್ತಿತ್ತು. ನಮ್ಮ ಪಕ್ಕದ ವೆಲ್ಲೂರಿನಲ್ಲಿಯೂ ಹುಟ್ಟಿನಿಂದ ತಿಂಗಳು ತಿಂಗಳೂ ಮಕ್ಕಳ ಮೂಗಿನ ಮಾದರಿ ತೆಗೆದು ನೋಡಿದ್ದಾರೆ. ಅಲ್ಲಿಯೂ ಬಹುಪಾಲು ಮಕ್ಕಳು ಒಮ್ಮೆಯಾದರೂ ಅದನ್ನು ಹೊತ್ತಿದ್ದರು.

ಈ ವ್ಯತ್ಯಾಸಕ್ಕೆ ಕಾರಣ ಬಡಾವಣೆಯ ಗಲೀಜು ಎಂದು ಮೂಗು ಮುರಿಯುವವರಿದ್ದಾರೆ. ಗಲೀಜಿಗಿಂತ ಮುಖ್ಯವಾದದ್ದು ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದು. ಅಕ್ಕನೋ ಅಣ್ಣನೋ ಅಂಗನವಾಡಿಗೆ, ಪ್ಲೇ ಹೋಮಿಗೆ ಹೋಗುತ್ತಿದ್ದರೆ ತೊಟ್ಟಿಲ ಕೂಸಿಗೆ ಅದು ತಲುಪಿಯೇ ತಲುಪುತ್ತದೆ. ಕೂಸಿಗೆ ಮುತ್ತಿಡಲು ಬರುವ ಅಜ್ಜ–ಅಜ್ಜಿಯರಿಗಿಂತ ಸಿಂಬಳ ಸುರಿಸಿಕೊಂಡು ತೊಟ್ಟಿಲಿಗೆ ಬಾಗುವ ಮೂರು ವರ್ಷದ ಅಕ್ಕನೇ ಹೆಚ್ಚು ಸಮರ್ಥ ವಾಹಕಿ. ವಯಸ್ಸಾದಂತೆ ಮೂಗಿನಲ್ಲಿ ನ್ಯುಮೋಕಾಕಸ್ ಉಳಿಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಮುದುಕರಿಗೆ ಬರುವ ನ್ಯುಮೋನಿಯಾದ ಬ್ಯಾಕ್ಟೀರಿಯಾ ಎಷ್ಟೋ ಸಲ ಮೊಮ್ಮಕ್ಕಳ ಮೂಗಿನಿಂದ ಹೊರಟದ್ದಾಗಿರುತ್ತದೆ. ಈ ಮಾತಿಗೆ ಪುರಾವೆ ಸಿಕ್ಕಿದ್ದು ಲಸಿಕೆ ಬಂದ ಮೇಲೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಒಂದು ಸಲ ಬಂದದ್ದು ಹಾಗೆಯೇ ಇರುವುದೂ ಇಲ್ಲ. ಪೊರೆಯ ಸಕ್ಕರೆಯಲ್ಲಿರುವ ವ್ಯತ್ಯಾಸವನ್ನು ನೋಡಿ ನ್ಯುಮೋಕಾಕಸ್ಸನ್ನು ನೂರಕ್ಕೂ ಹೆಚ್ಚು ಮಾದರಿಗಳಾಗಿ, ಅಂದರೆ ಉಪಬಗೆಗಳಾಗಿ, ವಿಂಗಡಿಸಿದ್ದಾರೆ. ಪ್ರತಿಯೊಂದಕ್ಕೂ ಸಂಖ್ಯೆಯ ಹೆಸರು: 6ಬಿ, 14, 19ಎಫ್, 23ಎಫ್. ಇವುಗಳಲ್ಲಿ ಒಂದು ಬಂದು ಕೆಲವು ವಾರ ಅಥವಾ ತಿಂಗಳು ಇದ್ದು ಹೋಗುತ್ತದೆ, ಇನ್ನೊಂದು ಬರುತ್ತದೆ, ಕೆಲವೊಮ್ಮೆ ಎರಡು ಮೂರು ಒಟ್ಟಿಗೇ ಇರುತ್ತವೆ. ಒಟ್ಟಿಗೆ ಇದ್ದಾಗ ಸುಮ್ಮನೆ ಕೂರುವುದಿಲ್ಲ, ಪರಸ್ಪರ ಡಿಎನ್‌ಎ ತುಣುಕುಗಳನ್ನು ಎತ್ತಿಕೊಳ್ಳುತ್ತವೆ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಸತ್ತ ನ್ಯುಮೋಕಾಕಸ್ಸಿನಿಂದ ಬದುಕಿದ್ದಕ್ಕೆ ಗುಣ ದಾಟಿದ್ದನ್ನು ಇಲಿಯಲ್ಲಿ ಕಂಡಿದ್ದರು. 1944ರಲ್ಲಿ ಏವರಿ, ಮೆಕ್ಲಿಯಡ್, ಮೆಕಾರ್ಟಿ ಹಾಗೆ ದಾಟಿದ್ದು ಡಿಎನ್‌ಎ ಎಂದು ತೋರಿಸಿದರು. ಶಾಲೆಯ ಜೀವಶಾಸ್ತ್ರದ ಪುಸ್ತಕದಲ್ಲಿ ಓದಿದ ಆ ಪ್ರಯೋಗ ಪ್ರಯೋಗಾಲಯದ ಚಮತ್ಕಾರವೇನಲ್ಲ. ಮಕ್ಕಳ ಮೂಗಿನಲ್ಲಿ ದಿನವೂ ನಡೆಯುವ ವ್ಯವಹಾರ. ಮೇ ಲಾ ಶಿಬಿರದ ಮೂರು ಸಾವಿರಕ್ಕೂ ಹೆಚ್ಚು ನ್ಯುಮೋಕಾಕಸ್‌ಗಳ ಪೂರ್ಣ ಜೀನೋಮ್ ಓದಿದಾಗ ಇಂಥ ಕೊಡುಕೊಳ್ಳುವಿಕೆಯ ಗುರುತು ಎಲ್ಲೆಲ್ಲೂ ಇತ್ತು. ಪೆನಿಸಿಲಿನ್ನಿಗೆ ಬಗ್ಗದ ಗುಣ ಒಂದರಿಂದ ಒಂದಕ್ಕೆ ಹರಡುವುದು ಈ ದಾರಿಯಲ್ಲಿಯೇ.

ಒಂದು ಹತ್ತಿಕಡ್ಡಿಯ ಪ್ರಯಾಣ

ಇದೆಲ್ಲ ಹೇಗೆ ಗೊತ್ತಾಗುತ್ತದೆ? ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆ ಅರ್ಧ ಉತ್ತರ ಗೊತ್ತು. ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಕೈಯಲ್ಲಿ ತೋಳುಗಳನ್ನೂ ಇನ್ನೊಂದರಲ್ಲಿ ಹಣೆಯನ್ನೂ ಹಿಡಿಯುತ್ತಾಳೆ. ತೆಳ್ಳಗೆ ಬಾಗುವ ಕಡ್ಡಿಯ ತುದಿಯಲ್ಲಿ ನೈಲಾನ್ ಎಳೆಗಳ ಕುಚ್ಚು. ಅದನ್ನು ಮೇಲಕ್ಕಲ್ಲ, ಮೂಗಿನ ತಳಕ್ಕೆ ಸಮಾನಾಂತರವಾಗಿ ನೇರ ಹಿಂದಕ್ಕೆ ಒಯ್ಯಬೇಕು. ಎಷ್ಟು ಆಳ ಎಂಬುದಕ್ಕೆ ಅಳತೆ ಮಗುವಿನ ಮುಖದ ಮೇಲೆಯೇ ಇದೆ: ಹೊಳ್ಳೆಯಿಂದ ಕಿವಿಯವರೆಗಿನ ದೂರದ ಸುಮಾರು ಅರ್ಧ. ಅಲ್ಲಿ ಮೆಲ್ಲಗೆ ತಿರುಗಿಸಿ, ಕೆಲವು ಸೆಕೆಂಡು ಹಿಡಿದು ಹೊರತೆಗೆಯುತ್ತಾರೆ. ಮಗು ಕಿರುಚುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ನಿಮಿಷದೊಳಗೆ ಮರೆತುಬಿಡುತ್ತದೆ. ಕಡ್ಡಿಯ ತುದಿಯನ್ನು ಕತ್ತರಿಸಿ ಕೆನೆ ತೆಗೆದ ಹಾಲಿನ ಪುಡಿ, ಟ್ರಿಪ್ಟೋನ್, ಗ್ಲೂಕೋಸ್, ಗ್ಲಿಸರಿನ್ ಬೆರೆಸಿದ ದ್ರವದ ಪುಟ್ಟ ಶೀಶೆಗೆ ಬೀಳಿಸುತ್ತಾರೆ. ಈ ದ್ರವದಲ್ಲಿ ಸೊನ್ನೆಗಿಂತ 70 ಡಿಗ್ರಿ ಕೆಳಗೆ ಇಟ್ಟರೆ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಸಾಯುವುದಿಲ್ಲ.

ಪ್ರಯೋಗಾಲಯದಲ್ಲಿ ಅದನ್ನು ಕುರಿಯ ರಕ್ತ ಬೆರೆಸಿದ ಕೆಂಪು ಅಗರ್ ತಟ್ಟೆಯ ಮೇಲೆ ಎಳೆಯುತ್ತಾರೆ. ಬೇರೆ ಬಗೆಗಳು ಮೇಲುಗೈ ಪಡೆಯದಿರಲೆಂದು ತಟ್ಟೆಯಲ್ಲಿ ಸ್ವಲ್ಪ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುತ್ತದೆ. ಮಾರನೆಯ ದಿನ ನೋಡಿದರೆ ನ್ಯುಮೋಕಾಕಸ್ ಇದ್ದಲ್ಲಿ ಕೆಂಪು ಮಾಸಿ ಹಸಿರು ಛಾಯೆ ಮೂಡಿರುತ್ತದೆ. ಗುಂಪುಗಳು ಚಪ್ಪಟೆ, ನಡುವೆ ಕೇರಂ ಕಾಯಿಯಂತೆ ಸ್ವಲ್ಪ ತಗ್ಗು. ಆಪ್ಟೋಚಿನ್ ಎಂಬ ರಾಸಾಯನಿಕ ಹೀರಿದ ಬಿಲ್ಲೆ ಇಟ್ಟರೆ ಅದರ ಸುತ್ತ ಬೆಳೆಯುವುದಿಲ್ಲ. ಪಿತ್ತರಸದ ಲವಣ ಹಾಕಿದರೆ ಕರಗಿಹೋಗುತ್ತದೆ. ಯಾವ ಮಾದರಿ ಎಂದು ಹೇಳಲು 1902ರಲ್ಲಿ ನ್ಯೂಫೆಲ್ಡ್ ಕಂಡುಕೊಂಡ ವಿಧಾನವನ್ನು ಇಂದಿಗೂ ಬಳಸುತ್ತಾರೆ: ಸರಿಯಾದ ಪ್ರತಿಕಾಯ ಸೇರಿಸಿದರೆ ಸೂಕ್ಷ್ಮದರ್ಶಕದಡಿ ಪೊರೆ ಉಬ್ಬಿದಂತೆ ಕಾಣುತ್ತದೆ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಂಶೋಧನಾ ಪ್ರಯೋಗಾಲಯ ಭಾರತದ ಮಕ್ಕಳಲ್ಲಿ ಸಿಗುವ ನ್ಯುಮೋಕಾಕಸ್ ಮಾದರಿಗಳ ಮೇಲೆ ಇಂಥ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ.

ತಟ್ಟೆಯಲ್ಲಿ ಬೆಳೆಯುವುದು ಕೆಲವೇ ಬಗೆಗಳು. ಬೆಳೆಯಲು ಒಪ್ಪದವನ್ನೂ ಡಿಎನ್‌ಎ ಮೂಲಕ ಎಣಿಸುವ ವಿಧಾನ ಬಂದ ಮೇಲೆ, ಅಂದರೆ ಈಚಿನ ಹದಿನೈದಿಪ್ಪತ್ತು ವರ್ಷಗಳಲ್ಲಿ, ಚಿತ್ರ ಬದಲಾಯಿತು. ಅಲ್ಲಿಯವರೆಗೆ ಪ್ರಶ್ನೆ "ನ್ಯುಮೋಕಾಕಸ್ ಇದೆಯೋ ಇಲ್ಲವೋ" ಎಂದಿತ್ತು. ಈಗ "ಅದರ ಜೊತೆಗೆ ಯಾರಿದ್ದಾರೆ" ಎಂದು ಕೇಳತೊಡಗಿದರು.

ನೆರೆಹೊರೆ

ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಡೆಬ್ಬಿ ಬೊಗಾರ್ಟ್ ಅವರ ತಂಡ ಆರೋಗ್ಯವಂತ ಶಿಶುಗಳ ಮೂಗಿನ ಮಾದರಿಯನ್ನು ಒಂದೂವರೆ ತಿಂಗಳಿನಿಂದ ಎರಡು ವರ್ಷದವರೆಗೆ ಮತ್ತೆ ಮತ್ತೆ ತೆಗೆದು ನೋಡಿತು. ಕೊರಿನೆಬ್ಯಾಕ್ಟೀರಿಯಂ–ಡೊಲೊಸಿಗ್ರಾನುಲಂ ಜೋಡಿ ಅಥವಾ ಮೊರಾಕ್ಸೆಲ್ಲಾ ಬೇಗ ನೆಲೆಯೂರಿದ ಮಕ್ಕಳಲ್ಲಿ ಬ್ಯಾಕ್ಟೀರಿಯಾಗಳ ಸಮುದಾಯ ಸ್ಥಿರವಾಗಿತ್ತು, ಉಸಿರಾಟದ ಸೋಂಕುಗಳೂ ಕಡಿಮೆಯಿದ್ದವು. ಹಿಮೋಫಿಲಸ್ ಅಥವಾ ಸ್ಟ್ರೆಪ್ಟೊಕಾಕಸ್ ಮೇಲುಗೈಯಾದ ಮಕ್ಕಳಲ್ಲಿ ಸಮುದಾಯ ಪದೇ ಪದೇ ಬದಲಾಗುತ್ತಿತ್ತು. ಎದೆಹಾಲು ಕುಡಿಯುವ ಕೂಸುಗಳಲ್ಲಿ ಒಂದೂವರೆ ತಿಂಗಳಿಗೆ ಆ ಜೋಡಿ ಹೆಚ್ಚಾಗಿ ಕಂಡಿತು. ಆರು ತಿಂಗಳಿಗೆ ಆ ವ್ಯತ್ಯಾಸ ಮಾಸಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 234 ಮಕ್ಕಳ ಮೊದಲ ವರ್ಷವನ್ನು ಗಮನಿಸಿದ ಅಧ್ಯಯನವೂ ಇದೇ ಸಾಲಿನಲ್ಲಿ ನಡೆಯಿತು. ಆದರೆ ಮೊರಾಕ್ಸೆಲ್ಲಾದ ಬಗ್ಗೆ ಅದು ಅಷ್ಟು ಉದಾರವಾಗಿ ಮಾತಾಡಲಿಲ್ಲ. ಕಾಯಿಲೆಯ ಹೊತ್ತಿನಲ್ಲಿ ಮೊರಾಕ್ಸೆಲ್ಲಾವೂ ಹೆಚ್ಚುತ್ತಿದ್ದುದನ್ನು ಅವರು ಕಂಡರು. "ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ" ಎಂದು ಎರಡು ಡಬ್ಬಿಗೆ ತುಂಬಿ ಮಾರುವವರಿಗೆ ಇದು ಅನುಕೂಲದ ಸುದ್ದಿಯಲ್ಲ.

ಜೊತೆಗಿದ್ದವು ಏನು ಮಾಡುತ್ತವೆ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಕೊರಿನೆಬ್ಯಾಕ್ಟೀರಿಯಂ ಅಕೊಲೆನ್ಸ್‌ನದು. ಮೂಗಿನ ಒಳಚರ್ಮದಲ್ಲಿ ಜಿಡ್ಡಿರುತ್ತದೆ. ಈ ಬ್ಯಾಕ್ಟೀರಿಯಾ ತನ್ನ ಹೊಟ್ಟೆಪಾಡಿಗೆ ಆ ಜಿಡ್ಡನ್ನು ಒಡೆಯುತ್ತದೆ. ಒಡೆದಾಗ ಹೊರಬೀಳುವ ಕೊಬ್ಬಿನಾಮ್ಲಗಳು ನ್ಯುಮೋಕಾಕಸ್ಸಿಗೆ ವಿಷ. 2016ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ತಟ್ಟೆಯ ಮೇಲೆಯೇ ತೋರಿಸಿದರು. ಇಲ್ಲಿ ಮಗುವನ್ನು ಕಾಪಾಡುವ ಉದ್ದೇಶವೇನೂ ಯಾರಿಗೂ ಇಲ್ಲ. ಊಟದ ಎಂಜಲು ನೆರೆಯವನಿಗೆ ಆಗಿಬರುವುದಿಲ್ಲ, ಅಷ್ಟೆ.

ನ್ಯುಮೋಕಾಕಸ್ಸೂ ಸುಮ್ಮನಿರುವ ಪೈಕಿಯಲ್ಲ. ಅದು ಹೈಡ್ರೋಜನ್ ಪೆರಾಕ್ಸೈಡ್ ಹೊರಬಿಡುತ್ತದೆ, ಗಾಯ ತೊಳೆಯಲು ಬಳಸುತ್ತಿದ್ದ ಆ ನೊರೆಯುವ ದ್ರವವನ್ನೇ. ಪ್ರಯೋಗಾಲಯದಲ್ಲಿ ಅದರಿಂದ ಹಿಮೋಫಿಲಸ್ಸೂ ಸ್ಟ್ಯಾಫಿಲೊಕಾಕಸ್ ಆರಿಯಸ್ಸೂ ಸಾಯುತ್ತವೆ. ಹಿಮೋಫಿಲಸ್‌ನ ತಂತ್ರ ಬೇರೆ. ಇಲಿಗಳಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟಾಗ, ಹಿಮೋಫಿಲಸ್ ಇರುವುದರಿಂದಲೇ ದೇಹದ ಬಿಳಿ ರಕ್ತಕಣಗಳು ಅಲ್ಲಿಗೆ ಓಡಿಬಂದು, ಬಂದವು ನ್ಯುಮೋಕಾಕಸ್ಸನ್ನು ಕಬಳಿಸಿದವು. ಮೊರಾಕ್ಸೆಲ್ಲಾದ್ದು ಇನ್ನೊಂದು ದಾರಿ: ಪೆನಿಸಿಲಿನ್ ಜಾತಿಯ ಔಷಧವನ್ನು ಒಡೆಯುವ ಕಿಣ್ವ ಅದರಲ್ಲಿದೆ. ಅಮಾಕ್ಸಿಸಿಲಿನ್ ಕೊಟ್ಟಾಗ ಅದು ತಾನು ಉಳಿಯುವುದಲ್ಲದೆ ಪಕ್ಕದಲ್ಲಿರುವ ನ್ಯುಮೋಕಾಕಸ್ಸಿಗೂ ನೆರಳಾಗಬಲ್ಲದು.

ಹಾಗಾದರೆ ಕಾಯಿಲೆ ಯಾವಾಗ?

ನಿಂತಲ್ಲೇ ನಿಲ್ಲಬೇಕಾದದ್ದು ಜಾಗ ಬಿಟ್ಟಾಗ. ನ್ಯುಮೋಕಾಕಸ್ ಮೂಗಿನಿಂದ ಕಿವಿಯ ನಳಿಗೆಗೆ ಹತ್ತಿದರೆ ಕಿವಿನೋವು, ಉಸಿರಿನೊಂದಿಗೆ ಕೆಳಗಿಳಿದು ಶ್ವಾಸಕೋಶದಲ್ಲಿ ಉಳಿದರೆ ನ್ಯುಮೋನಿಯಾ, ರಕ್ತಕ್ಕೆ ನುಗ್ಗಿದರೆ ನಂಜು, ಅಲ್ಲಿಂದ ಮೆದುಳಿನ ಪೊರೆಗೆ ತಲುಪಿದರೆ ಮೆನಿಂಜೈಟಿಸ್. ಕೋಟಿಗಟ್ಟಲೆ ಮಕ್ಕಳು ಅದನ್ನು ಹೊತ್ತು ಆರೋಗ್ಯವಾಗಿಯೇ ಇರುತ್ತಾರೆ ಎಂಬ ಮಾತು ನಿಜ. 2015ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 3 ಲಕ್ಷ ಮಕ್ಕಳು ಇದರಿಂದ ಸತ್ತರೆಂಬ ಅಂದಾಜೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು.

ಅಲಬಾಮಾದ ಅದೇ ಅಧ್ಯಯನ ಇಲ್ಲಿ ಒಂದು ಮುಖ್ಯ ಸುಳಿವು ಕೊಟ್ಟಿತು. ಹೊಸ ಮಾದರಿಯೊಂದು ಮೂಗಿಗೆ ಬಂದ ಪ್ರಸಂಗಗಳಲ್ಲಿ ಶೇ 15ರಷ್ಟು ಮಾತ್ರ ಕಾಯಿಲೆಗೆ ತಿರುಗಿದವು. ಹಾಗೆ ತಿರುಗಿದವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಆ ಹೊಸಬ ಬಂದ ಒಂದು ತಿಂಗಳೊಳಗೇ ಆದವು. ಹಲವು ತಿಂಗಳಿಂದ ಅಲ್ಲೇ ಇದ್ದದ್ದಕ್ಕಿಂತ ನಿನ್ನೆ ಮೊನ್ನೆ ಬಂದದ್ದು ಅಪಾಯಕಾರಿ. ಹಳೆಯದರ ವಿರುದ್ಧ ದೇಹ ಅಷ್ಟರಲ್ಲಿ ಪ್ರತಿಕಾಯ ತಯಾರಿಸಿಕೊಂಡಿರುತ್ತದೆ. ಒಂದು ಲೆಕ್ಕದಲ್ಲಿ ಮೂಗಿನಲ್ಲಿ ಹೀಗೆ ಬಂದು ಹೋಗುವ ಪ್ರತಿ ಬ್ಯಾಕ್ಟೀರಿಯಾವೂ ಮಗುವಿಗೆ ಒಂದು ಪಾಠ ಕಲಿಸಿಯೇ ಹೋಗುತ್ತದೆ. ದೊಡ್ಡವರಾದ ನಮ್ಮ ಮೂಗಿನಲ್ಲಿ ಅದು ನಿಲ್ಲದಿರುವುದಕ್ಕೆ ಅದೂ ಒಂದು ಕಾರಣ.

ಜಾಗ ಬಿಡಿಸುವುದರಲ್ಲಿ ವೈರಸ್ಸಿನ ಪಾತ್ರ ದೊಡ್ಡದು. ನೆಗಡಿ ಅಥವಾ ಫ್ಲೂ ಬಂದಾಗ ಮೂಗಿನ ಒಳಪದರದ ಜೀವಕೋಶಗಳು ಹಾಳಾಗುತ್ತವೆ, ಲೋಳೆ ಸುರಿಯುತ್ತದೆ, ಆ ಲೋಳೆಯ ಸಕ್ಕರೆ ನ್ಯುಮೋಕಾಕಸ್ಸಿಗೆ ಆಹಾರವಾಗುತ್ತದೆ. ಅಲ್ಲಿಯವರೆಗೆ ಸಾವಿರದ ಲೆಕ್ಕದಲ್ಲಿದ್ದದ್ದು ಲಕ್ಷಕ್ಕೇರುತ್ತದೆ. ಸುರಿಯುವ ಸಿಂಬಳದೊಂದಿಗೆ ಇತರರಿಗೆ ಹರಡುವುದೂ ಆಗಲೇ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು 2008ರಲ್ಲಿ ಮರುಪರೀಕ್ಷಿಸಿದವರು, ಬಹುಪಾಲು ಸಾವುಗಳಲ್ಲಿ ಕೊನೆಯ ಪೆಟ್ಟು ಕೊಟ್ಟದ್ದು ಮೂಗು–ಗಂಟಲಿನಿಂದ ಕೆಳಗಿಳಿದ ಬ್ಯಾಕ್ಟೀರಿಯಾ ಎಂದರು. ಒಲೆಯ ಹೊಗೆ, ಬೀಡಿ–ಸಿಗರೇಟಿನ ಹೊಗೆ, ಅಪೌಷ್ಟಿಕತೆ, ತಿಂಗಳು ತುಂಬದ ಹೆರಿಗೆ, ಇವೆಲ್ಲ ಅದೇ ತಕ್ಕಡಿಯನ್ನು ಇನ್ನಷ್ಟು ಬಾಗಿಸುತ್ತವೆ.

ಇಷ್ಟು ತಿಳಿದ ಮೇಲೆ, ಮಕ್ಕಳ ವೈದ್ಯರ ಮುಂದೆ ಪದೇ ಪದೇ ಬರುವ ಒಂದು ಸನ್ನಿವೇಶವನ್ನು ನೋಡಬೇಕು. ಹತ್ತು ತಿಂಗಳ ಮಗುವಿಗೆ ಆಗಾಗ ನೆಗಡಿ. ಯಾರೋ ಹೇಳಿದರೆಂದು ಪ್ರಯೋಗಾಲಯಕ್ಕೆ ಹೋಗಿ ಗಂಟಲ ದ್ರವದ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ "ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದಿದೆ" ಎಂದೋ "ಹಿಮೋಫಿಲಸ್ ಬೆಳೆದಿದೆ" ಎಂದೋ ಇದ್ದು, ಕೆಳಗೆ ಯಾವ ಯಾವ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆ ಎಂಬ ಉದ್ದದ ಪಟ್ಟಿ. ಆ ಪಟ್ಟಿ ನೋಡಿದ ಯಾವ ತಂದೆ ತಾನೇ ಸುಮ್ಮನೆ ಕೂತಾನು? ಆದರೆ ಆ ವರದಿ ಹೇಳಿದ್ದು ಇಷ್ಟೇ: ಈ ವಯಸ್ಸಿನ ಮಗುವಿನಲ್ಲಿ ಇರುವಂಥದ್ದು ಇದೆ. ಪಕ್ಕದ ಮನೆಯ ಆರೋಗ್ಯವಂತ ಮಗುವಿನ ಮಾದರಿ ಕೊಟ್ಟಿದ್ದರೂ ಅಂಥದ್ದೇ ಬರಬಹುದಿತ್ತು. ಗಂಟಲು ಪರೀಕ್ಷೆಯಿಂದ ನಿಜವಾಗಿ ಹುಡುಕಬೇಕಾದ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಮೂರು ವರ್ಷದೊಳಗಿನವರಲ್ಲಿ ಗಂಟಲುನೋವು ತರುವುದು ಅಪರೂಪ. ಹಾಗಾಗಿ ಕೂಸಿಗೆ ಆ ಪರೀಕ್ಷೆಯ ಅಗತ್ಯವೇ ಬೀಳುವುದು ಕಡಿಮೆ. ಇನ್ನು ಮೆನಿಂಜೈಟಿಸ್ ತರುವ ಇನ್ನೊಂದು ಬ್ಯಾಕ್ಟೀರಿಯಾವಾದ ಮೆನಿಂಗೊಕಾಕಸ್ ಎಂದು ಹೆದರುವವರಿಗೆ ಒಂದು ಮಾತು: ಅದನ್ನು ಗಂಟಲಲ್ಲಿ ಹೊತ್ತು ತಿರುಗುವವರಲ್ಲಿ ಹೆಚ್ಚಿನವರು ಕಾಲೇಜು ವಯಸ್ಸಿನವರು, ತೊಟ್ಟಿಲಲ್ಲಿರುವವರಲ್ಲ.

ವರದಿಗೆ ಔಷಧಿ ಕೊಟ್ಟರೆ ಆಗುವುದೇನು? ಸಾಯುವವುಗಳಲ್ಲಿ ಕೊರಿನೆಬ್ಯಾಕ್ಟೀರಿಯಂ, ಡೊಲೊಸಿಗ್ರಾನುಲಂ ಮೊದಲು. ಔಷಧಕ್ಕೆ ಬಗ್ಗದ ನ್ಯುಮೋಕಾಕಸ್ ಇದ್ದರೆ ಅದಕ್ಕೆ ಮನೆ ಖಾಲಿ ಮಾಡಿಕೊಟ್ಟಂತೆ. ಕೆಲವು ವಾರಗಳಲ್ಲಿ ಅಕ್ಕನ ಮೂಗಿನಿಂದ ಮತ್ತೆ ಬೇರೊಂದು ಬಂದೇ ಬರುತ್ತದೆ. ಮಗುವಿಗೆ ನಿಜವಾಗಿ ನ್ಯುಮೋನಿಯಾ ಆಗಿದ್ದರೆ ಆ್ಯಂಟಿಬಯಾಟಿಕ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಚಿಕಿತ್ಸೆ ಮಗುವಿಗೆ ಇರಬೇಕು, ಕಾಗದಕ್ಕಲ್ಲ.

ಲಸಿಕೆ ಮಾಡಿದ ಕೆಲಸ, ಮಾಡದ ಕೆಲಸ

ನ್ಯುಮೋಕಾಕಸ್ಸಿನ ಪೊರೆ ಸಕ್ಕರೆಯ ಸರಪಳಿಯಿಂದ ಆದದ್ದು. ಬರೀ ಸಕ್ಕರೆಯನ್ನು ಲಸಿಕೆಯಾಗಿ ಕೊಟ್ಟರೆ ಎರಡು ವರ್ಷದೊಳಗಿನ ಮಕ್ಕಳ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಜೋಡಿಸಿದರೆ ರೋಗನಿರೋಧಕ ವ್ಯವಸ್ಥೆಯ ಟಿ–ಕೋಶಗಳೂ ಎಚ್ಚೆತ್ತು, ಎರಡು ತಿಂಗಳ ಕೂಸಿನಲ್ಲೂ ಗಟ್ಟಿ ಪ್ರತಿಕಾಯ ಹುಟ್ಟುತ್ತದೆ. ಈ ಉಪಾಯವನ್ನು ಮೊದಲು ಯಶಸ್ವಿಯಾಗಿ ಬಳಸಿದ್ದು ಹಿಮೋಫಿಲಸ್ ಇನ್‌ಫ್ಲುಯೆಂಜೆಯ ಬಿ ಬಗೆಯ ವಿರುದ್ಧ. ಆಗ ಫಿನ್ಲೆಂಡಿನಲ್ಲಿ ಯಾರೂ ಅಷ್ಟಾಗಿ ನಿರೀಕ್ಷಿಸದ ಸಂಗತಿ ಕಂಡಿತು: ಲಸಿಕೆ ಪಡೆದ ಮಕ್ಕಳ ಗಂಟಲಿನಿಂದಲೇ ಆ ಬ್ಯಾಕ್ಟೀರಿಯಾ ಮಾಯವಾಗಿತ್ತು. ಹೊತ್ತುಕೊಳ್ಳುವವರೇ ಇಲ್ಲವೆಂದ ಮೇಲೆ ಹರಡುವವರಾರು? ಲಸಿಕೆ ಹಾಕಿಸಿಕೊಳ್ಳದ ಮಕ್ಕಳಲ್ಲೂ ಕಾಯಿಲೆ ಇಳಿಯಿತು. ನಮ್ಮಲ್ಲಿ ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಈ ಲಸಿಕೆ ಸೇರಿದೆ.

ನ್ಯುಮೋಕಾಕಸ್ಸಿನ ವಿರುದ್ಧ ಏಳು ಮಾದರಿಗಳ ಲಸಿಕೆ ಅಮೆರಿಕದಲ್ಲಿ 2000ದಲ್ಲಿ ಬಂತು. ಕೊಟ್ಟದ್ದು ಕೂಸುಗಳಿಗೆ, ಕೆಲವೇ ವರ್ಷಗಳಲ್ಲಿ ಆ ಏಳು ಮಾದರಿಗಳ ಕಾಯಿಲೆ ಅಜ್ಜ–ಅಜ್ಜಿಯರಲ್ಲೂ ಇಳಿಯಿತು. ಮೊಮ್ಮಕ್ಕಳ ಮೂಗಿನಿಂದ ಬರುತ್ತದೆ ಎಂದು ಮೊದಲು ಹೇಳಿದ ಮಾತಿಗೆ ಪುರಾವೆ ಇದೇ.

ಆದರೆ ಲಸಿಕೆ ಮೂಗನ್ನು ಖಾಲಿ ಮಾಡಲಿಲ್ಲ. ನ್ಯುಮೋಕಾಕಸ್ ಹೊತ್ತ ಮಕ್ಕಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಹೊತ್ತ ಮಾದರಿಗಳು ಬದಲಾದವು. ಸಂತೆಯ ದಿನದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನನ್ನು ಎಬ್ಬಿಸಿದರೆ ಆ ಸೀಟು ಖಾಲಿ ಉಳಿದೀತೇ? ಪಕ್ಕದಲ್ಲಿ ಕಂಬ ಹಿಡಿದು ನಿಂತವನು ಕೂರುತ್ತಾನೆ. ಅಮೆರಿಕದಲ್ಲಿ ಹಾಗೆ ಕೂತವುಗಳಲ್ಲಿ ಮುಖ್ಯವಾದದ್ದು 19ಎ, ಅದೂ ಅನೇಕ ಔಷಧಗಳಿಗೆ ಬಗ್ಗದ ತಳಿ. 2010ರಲ್ಲಿ ಹದಿಮೂರು ಮಾದರಿಗಳ ಲಸಿಕೆ ಬಂದಾಗ 19ಎ ಅದರಲ್ಲಿ ಸೇರಿತು. ಅದೃಷ್ಟವಶಾತ್ ಹೊಸದಾಗಿ ಕೂತವುಗಳಲ್ಲಿ ಹೆಚ್ಚಿನವು ಹಳೆಯವುಗಳಷ್ಟು ರಕ್ತಕ್ಕೆ ನುಗ್ಗುವ ಸ್ವಭಾವದವಲ್ಲ. ಹಾಗಾಗಿ ಮೂಗಿನಲ್ಲಿ ಲೆಕ್ಕ ಸಮವಾಗಿದ್ದರೂ ಆಸ್ಪತ್ರೆಯಲ್ಲಿ ಮಕ್ಕಳ ಕಾಯಿಲೆಯ ಲೆಕ್ಕ ಬಹಳ ಇಳಿಯಿತು.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ನ್ಯುಮೋಕಾಕಲ್ ಲಸಿಕೆ ಬಂದದ್ದು 2017ರ ಮೇ ತಿಂಗಳಲ್ಲಿ, ಮೊದಲು ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿ. ದೇಶವ್ಯಾಪಿಯಾದದ್ದು 2021ರಲ್ಲಿ. ಅಲ್ಲಿಯವರೆಗೆ ಉಳಿದ ಕಡೆಗಳಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಕೊಡಬಲ್ಲವರ ಮಕ್ಕಳಿಗೆ ಮಾತ್ರ ಸಿಗುತ್ತಿದ್ದದ್ದು, ಈಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಉಚಿತ. ಇಕ್ಕಟ್ಟಿನ ಮನೆಯ, ಹೊಗೆಯ ಅಡುಗೆಕೋಣೆಯ ಮಕ್ಕಳಿಗೇ ಇದು ಹೆಚ್ಚು ಬೇಕಾಗಿತ್ತು. ನಾಲ್ಕು ವರ್ಷ ತಡವಾಗಿಯಾದರೂ ಬಂತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಹತ್ತು ಮಾದರಿಗಳ ನ್ಯುಮೋಸಿಲ್ ಲಸಿಕೆಯಲ್ಲಿ 6ಎ, 19ಎ ಎರಡೂ ಇವೆ. ಇನ್ನು ಮುಂದೆ ನಮ್ಮ ಮಕ್ಕಳ ಮೂಗಿನಲ್ಲಿ ಯಾವ ಮಾದರಿಗಳು ಬಂದು ಕೂರುತ್ತವೆ ಎಂಬುದನ್ನು ಆರೋಗ್ಯವಂತ ಮಕ್ಕಳಿಗೇ ಕಡ್ಡಿ ಹಾಕಿ ನೋಡುತ್ತಿರಬೇಕು. ಕಾಯಿಲೆಯಾದವರನ್ನು ಮಾತ್ರ ಎಣಿಸಿದರೆ ಸುದ್ದಿ ತಡವಾಗಿ ಸಿಗುತ್ತದೆ.

ಮನೆಯಲ್ಲಿ

ಮೂಗನ್ನು ಬ್ಯಾಕ್ಟೀರಿಯಾಮುಕ್ತ ಮಾಡಲು ಹೊರಡಬೇಕಿಲ್ಲ, ಆಗುವುದೂ ಇಲ್ಲ. ಆದರೆ ನಮ್ಮ ಕಡೆಯ ಒಂದೆರಡು ರೂಢಿಗಳನ್ನು ಬಿಡುವುದು ಲೇಸು. ಎರೆಯುವಾಗ ಕೂಸಿನ ಮೂಗಿಗೆ ಎಣ್ಣೆ ಬಿಡುವುದು ಅದರಲ್ಲಿ ಮೊದಲನೆಯದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಂದ ಹೊರಬರುವುದಿಲ್ಲ, ಅದರಿಂದಲೇ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ನೀರು ಹೋಗಿದೆಯೆಂದು ಎರೆಯುವವರು ಮಗುವಿನ ಮೂಗಿಗೆ ಬಾಯಿಟ್ಟು ಊದುವುದು ಇನ್ನೊಂದು. ದೊಡ್ಡವರ ಬಾಯಿಯ ಬ್ಯಾಕ್ಟೀರಿಯಾವನ್ನು ಒತ್ತಡ ಹಾಕಿ ಒಳಗೆ ಕಳಿಸಲು ಇದಕ್ಕಿಂತ ನೇರದಾರಿ ಬೇರೆ ಇಲ್ಲ. ಸಾಂಬ್ರಾಣಿಯ ಪರಿಮಳ ಎಷ್ಟೇ ಹಿತವಾಗಿದ್ದರೂ ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಅದು ಹೊಗೆಯೇ. ಮೂಗು ಕಟ್ಟಿ ಹಾಲು ಕುಡಿಯಲು ಆಗದಿದ್ದರೆ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು.

ಅಣ್ಣ–ಅಕ್ಕಂದಿರ ಕೈ ತೊಳೆಸುವುದರಿಂದ ಏನಾದರೂ ಆಗುತ್ತದೆಯೇ ಎಂದರೆ, ಆಗುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ದೊಡ್ಡವರು ಸ್ವಯಂಪ್ರೇರಿತರಾಗಿ ಮೂಗಿಗೆ ನ್ಯುಮೋಕಾಕಸ್ ಹಾಕಿಸಿಕೊಳ್ಳುವ ಪ್ರಯೋಗಗಳು ವ್ಯವಸ್ಥಿತವಾಗಿ ನಡೆಯುತ್ತಿವೆ. 2018ರಲ್ಲಿ ಅಲ್ಲಿ ಬೆರಳಿಗೆ ಬ್ಯಾಕ್ಟೀರಿಯಾ ಹಚ್ಚಿಕೊಂಡು ಕೆಲವರು ಮೂಗಿನಲ್ಲಿ ಬೆರಳಾಡಿಸಿದರು, ಕೆಲವರು ಮೂಸಿ ನೋಡಿದರು. ಬೆರಳಿನಿಂದಲೂ ದಾಟುತ್ತದೆ, ಒಣಗಿದ್ದಕ್ಕಿಂತ ಹಸಿಯಾಗಿದ್ದಾಗ ಹೆಚ್ಚು ಎಂದು ಗೊತ್ತಾಯಿತು. ಮೂಗಿನಲ್ಲಿ ಬೆರಳಿಡಬೇಡ ಎಂದು ಗದರಿಸುವ ಅಮ್ಮಂದಿರಿಗೆ ಇಷ್ಟು ಗಂಭೀರ ಬೆಂಬಲ ಹಿಂದೆಂದೂ ಸಿಕ್ಕಿರಲಿಲ್ಲ.

ಗಮನ ಇಡಬೇಕಾದದ್ದು ಮೂಗಿನ ವರದಿಯ ಮೇಲಲ್ಲ, ಉಸಿರಿನ ಮೇಲೆ. ಅಂಗಿ ಮೇಲೆತ್ತಿ, ಮಗು ಅಳದೆ ಇರುವಾಗ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿದರೆ ಕೂಸುಗಳಲ್ಲಿ ತಪ್ಪುತ್ತದೆ, ಏಕೆಂದರೆ ಅವುಗಳ ಉಸಿರಿನ ಲಯ ಏರುಪೇರು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು ಬಿಟ್ಟಿದ್ದರೆ, ತುಟಿ ನೀಲಿಯಾಗಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ ಎಣಿಸುತ್ತಾ ಕೂರಬೇಡಿ. ಆಸ್ಪತ್ರೆಗೆ ಹೊರಡಿ, ಲಸಿಕೆಯ ತಾಯಿ ಕಾರ್ಡನ್ನೂ ಜೊತೆಗೆ ಒಯ್ಯಿರಿ.